ಕರು ಕಟ್ಟುತ್ತಿದ್ದ ಗೇರ್‌ಬಾಕ್ಸು

ಮದುವೆಯಾಗಿ ಮೂರನೆಯ ವರ್ಷಕ್ಕೆ ನನಗೊಂದು ಸ್ವಂತ ಅಡಿಗೆಮನೆ ಸಿಕ್ಕಿತು. ಗಂಡ ಸಿಕ್ಕಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ, ಸುಳ್ಳೇಕೆ ಹೇಳಲಿ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡಂಕಣದ ಬಾಡಿಗೆ ಮನೆ. ಅಡಿಗೆಮನೆಯಲ್ಲಿ ಒಬ್ಬಳು ಕೂತರೆ ಇನ್ನೊಬ್ಬಳು ನಿಲ್ಲಬೇಕು. ಆದರೆ ಸಾರಿಗೆ ಎಷ್ಟು ಹುಳಿ ಹಾಕಬೇಕೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹಳ್ಳಿಯ ದೊಡ್ಡ ಮನೆಯಲ್ಲಿ ಅತ್ತೆ, ಇಬ್ಬರು ವಾರಗಿತ್ತಿಯರು ಸೇರಿ ನನ್ನ ಸಾರನ್ನು ರುಚಿ ನೋಡಿ ನೋಡಿಯೇ ಅರ್ಧ ಮಾಡುತ್ತಿದ್ದರು. ಉಳಿದರ್ಧಕ್ಕೆ ನೀರು ಹಾಕುತ್ತಿದ್ದರು. ಅಲ್ಲಿಂದ ಬಂದವಳಿಗೆ ಈ ಗೂಡೇ ಅರಮನೆ.

ಆ ಅರಮನೆಯನ್ನು ಸಾಕುತ್ತಿದ್ದದ್ದು ಒಂದು ಕಾರು. ನಯಾಪೈಸೆ ಬಂದು ಎಲ್ಲರ ಲೆಕ್ಕವೂ ಅಡ್ಡಾದಿಡ್ಡಿಯಾಗಿದ್ದ ಕಾಲ ಅದು. ನಮ್ಮ ಯಜಮಾನರು ಎಲ್ಲಿಂದಲೋ ಹಿಡಿದು ತಂದಿದ್ದ ಅಮೆರಿಕದ ಕಾರು, ದೊಡ್ಡ ಯುದ್ಧಕ್ಕೂ ಮೊದಲಿನದು, ಮಾವನವರ ದುಡ್ಡಿನದು. ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಬಾಡಿಗೆ ಹೊಡೆಯುತ್ತಿತ್ತು. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಎರಡನೆಯ ಗೇರಿಗೆ ಒಂದು ಕೆಟ್ಟ ಚಾಳಿ: ಏರು ಕಂಡ ಕೂಡಲೇ ಪಟ್ಟನೆ ಕಳಚಿಕೊಳ್ಳುವುದು. ಅದಕ್ಕೆ ಯಜಮಾನರು ಒಂದು ವ್ಯವಸ್ಥೆ ಮಾಡಿದ್ದರು. ಮುಂದಿನ ಸೀಟಿನಲ್ಲಿ ಕೂತವರು ಏರು ಮುಗಿಯುವವರೆಗೆ ಗೇರಿನ ಕೋಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕು. ಹಾಗೆ ಹಿಡಿದವರಿಗೆ ಬಾಡಿಗೆಯಲ್ಲಿ ನಾಲ್ಕಾಣೆ ಸೋಡಿ. ಜರಿಪೇಟ ಸುತ್ತಿ ಬೀಗರ ಮನೆಗೆ ಹೊರಟ ದೊಡ್ಡ ಮನುಷ್ಯರೂ ನಾಲ್ಕಾಣೆ ಆಸೆಗೆ ಮುಂದೆ ಕೂತು, ಸೊರಬದಲ್ಲಿ ಇಳಿಯುವಾಗ ರಟ್ಟೆ ತಿಕ್ಕಿಕೊಳ್ಳುತ್ತಿದ್ದರು. ನಾನು ತವರಿಗೆ ಹೋಗುವಾಗ ನನಗೂ ಅದೇ ಕೆಲಸ. ಸೋಡಿ ಮಾತ್ರ ಇಲ್ಲ.

ಒಂದು ದಿನ ಶಿರಾಳಕೊಪ್ಪ ದಾಟಿದ ಮೇಲೆ ಗೇರ್‌ಬಾಕ್ಸಿನೊಳಗೆ ಕಲ್ಲು ಬೀಸಿದ ಹಾಗೆ ಸದ್ದಾಗಿ ಕಾರು ನಿಂತಿತು. ಎತ್ತು ಕಟ್ಟಿ ಎಳೆದು ತಂದರು. ಯಜಮಾನರು ಗೇರ್‌ಬಾಕ್ಸನ್ನು ಬಿಚ್ಚಿ ಜಗಲಿಯ ಮೇಲೆ ಗೋಣಿ ಹಾಸಿ ಇಟ್ಟು ಮುಚ್ಚಳ ತೆಗೆದರು. ಇಂಜಿನ್ನಿನ ಬಲವನ್ನು ಗಾಲಿಗಳಿಗೆ ಹದವಾಗಿ ಬಡಿಸುವ ಪೆಟ್ಟಿಗೆ ಅದು. ಒಳಗೆ ಹಲ್ಲುಚಕ್ರಗಳು, ಕಪ್ಪು ಎಣ್ಣೆ. ಎಣ್ಣೆಯ ತಳದಲ್ಲಿ ಮುರಿದ ಹಲ್ಲುಗಳು ಹುರಿಗಡಲೆಯಂತೆ ಬಿದ್ದಿದ್ದವು. ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಲ್ಲಿ ಚಕ್ರಗಳನ್ನು ತಿಕ್ಕಿ ತೊಳೆದವಳು ನಾನು. ಪಾತ್ರೆ ತಿಕ್ಕುವ ಕೈಗೆ ಏನು ಕೊಟ್ಟರೂ ತಿಕ್ಕುತ್ತದೆ. ತಿಕ್ಕುತ್ತ ತಿಕ್ಕುತ್ತ ಯಾವ ಚಕ್ರಕ್ಕೆ ಎಷ್ಟು ಹಲ್ಲು, ಯಾವುದು ಯಾವುದನ್ನು ಕಚ್ಚುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು.

ಸುದ್ದಿ ಕೇಳಿ ಮಾವನವರು ಬಂದರು. ಜಗಲಿಯ ಮೇಲೆ ಬಿಚ್ಚಿ ಹಾಕಿದ್ದನ್ನು ಒಮ್ಮೆ, ಮಗನ ಮುಖವನ್ನು ಒಮ್ಮೆ ನೋಡಿದರು.

"ಹದಿನೈದು ದಿವಸ ಕೊಡ್ತೀನಿ. ಮುಂದಿನದರ ಮುಂದಿನ ಸೋಮವಾರ ಬರ್ತೀನಿ. ಅಷ್ಟರಾಗ ಗಾಡಿ ನಡದ್ರ ಸರಿ. ಇಲ್ಲಂದ್ರ ಇಂಜಿನ್ ಬಿಚ್ಚಿ ಆಲೆಮನಿಯವರಿಗೆ ಕೊಟ್ಟುಬಿಡ್ತೀನಿ, ಕಬ್ಬು ಅರೀಲಿ. ನೀವಿಬ್ರೂ ಊರಿಗೆ ಬಂದುಬಿಡ್ರಿ."

ಯಜಮಾನರು ತಲೆ ಬಗ್ಗಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಇಂಜಿನ್ನು ಕಬ್ಬು ಅರೆದರೆ ಅರೆಯಲಿ, ನನ್ನ ಅಡಿಗೆಮನೆ ಹೋಗುತ್ತದಲ್ಲ. ಮತ್ತೆ ಆ ದೊಡ್ಡ ಮನೆಯ ಮೂರನೆಯ ಸೊಸೆಯಾಗಿ ಸೌಟಿಗೆ ಸರದಿ ಕಾಯುವುದು ನನ್ನಿಂದ ಆಗದ ಮಾತು.

ಯಜಮಾನರು ಮಾರನೆಯ ದಿನವೇ ಶಿವಮೊಗ್ಗಕ್ಕೆ ಹೋಗಿ, ಇದ್ದಬದ್ದ ಇನ್ನೂರು ರೂಪಾಯಿಯನ್ನು ಯಾರೋ ದಲ್ಲಾಳಿಗೆ ಸುರಿದು, ಅದೇ ತರದ ಒಂದು ಗೇರ್‌ಬಾಕ್ಸ್ ತಂದರು. ಮೀಸೆಯೊಳಗೆ ನಗು. "ನೋಡು, ಬೆಕ್ಕು ನಡದಂಗ ತಿರುಗ್ತೈತಿ" ಎಂದು ಪೆಟ್ಟಿಗೆಯಿಂದ ಚಾಚಿದ್ದ ದಂಡ ಹಿಡಿದು ತಿರುಗಿಸಿ ತೋರಿಸಿದರು. ನಿಜಕ್ಕೂ ಒಂದು ಚೂರು ಸದ್ದಿಲ್ಲ. ಬೆಳಗ್ಗೆ ಎದ್ದು ಜಗಲಿ ಗುಡಿಸಲು ಹೋದರೆ, ಗೋಡೆಯ ಮೂಲೆಯಿಂದ ಗೇರ್‌ಬಾಕ್ಸಿನವರೆಗೆ ಕಟ್ಟಿರುವೆಗಳ ಸಾಲು.

ಕಬ್ಬಿಣಕ್ಕೆ ಇರುವೆ ಹತ್ತುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಣ್ಣೆ ಹಾಕುವ ತೂತಿಗೆ ಬೆರಳು ತೂರಿಸಿ ಮೂಸಿ ನೋಡಿದೆ. ಗಟ್ಟಿ ಬೆಲ್ಲದ ಪಾಕ, ಹರಳೆಣ್ಣೆ, ಜೊತೆಗೆ ಅಕ್ಕಿ ತೌಡು. ಬಾಣಂತಿಗೆ ಕೊಡುವ ಲೇಹ್ಯದ ಹದ. ಬಿಸಿನೀರು ಹೊಯ್ದು ತೊಳೆದ ಮೇಲೆ ತಿರುಗಿಸಿದರೆ ಗಡಗಡ ಅಂದಿತು. ಹಲ್ಲುಗಳೆಲ್ಲ ಸವೆದು, ಅಜ್ಜಂದಿರ ದವಡೆಯಾಗಿತ್ತು. ಯಜಮಾನರು ಶಿವಮೊಗ್ಗಕ್ಕೆ ಓಡಿದರು. ದಲ್ಲಾಳಿ ಕುಳಿತಿದ್ದ ಜಾಗದಲ್ಲಿ ಒಬ್ಬ ಹೆಂಗಸು ಬಳೆ ಮಾರುತ್ತಿದ್ದಳಂತೆ. ನನಗೆ ಬಂದ ಸಿಟ್ಟಿಗೆ ಎರಡು ದಿನ ಅವರಿಗೆ ಕಾಫಿಗೆ ಬೆಲ್ಲ ಹಾಕಲಿಲ್ಲ. "ನಿಮಗೆ ಬೆಲ್ಲ ಸಾಕಷ್ಟು ಆಗೈತಲ್ರೀ" ಎಂದೆ. ಅವರು ಕಹಿ ಕಾಫಿಯನ್ನು ತಳದವರೆಗೂ ಕುಡಿದರು.

ದುಡ್ಡು ಹೋಯಿತು, ಎಂಟು ದಿನವೂ ಹೋಯಿತು. ಆಗ ನನಗೆ ತವರಿನ ಅಜ್ಜಿಯೊಬ್ಬರ ನೆನಪಾಯಿತು. ನನ್ನ ತವರು ಜಡೆಯ ಪಕ್ಕದ ಹಳ್ಳಿ. ನಮ್ಮ ಮನೆಯಿಂದ ನಾಲ್ಕನೆಯ ಮನೆ ಆ ಅಜ್ಜಿಯದು. ಅವರ ಗಂಡ ಬದುಕಿದ್ದಾಗ ಒಬ್ಬ ಜಮೀನುದಾರರ ಕಾರು ಓಡಿಸುತ್ತಿದ್ದರು. ಆ ಕಾರು ಚೂರುಚೂರಾಗಿ ಮಾರಾಟವಾದಾಗ ಒಂದು ಕಬ್ಬಿಣದ ಪೆಟ್ಟಿಗೆ ಅವರ ಅಂಗಳಕ್ಕೆ ಬಂದು ಬಿದ್ದಿತ್ತು. ಅಜ್ಜಿ ಅದಕ್ಕೆ ಕರು ಕಟ್ಟುತ್ತಿದ್ದರು. ಅರಿಶಿನ ಕುಂಕುಮಕ್ಕೆ ಹೋದಾಗ ನಾನು ಎಷ್ಟೋ ಸಲ ಅದನ್ನು ಎಡವಿದ್ದೆ. ಜಗಲಿಯ ಮೇಲಿದ್ದ ನಮ್ಮ ಮುರುಕು ಗೇರ್‌ಬಾಕ್ಸನ್ನು ನೋಡುತ್ತ ನೋಡುತ್ತ, ನಾನು ಎಡವಿದ್ದು ಇದರ ಅಕ್ಕತಂಗಿಯನ್ನೇ ಅನ್ನಿಸಿತು.

ಅನ್ನಿಸಿದರೆ ಸಾಲದು, ಗೊತ್ತಾಗಬೇಕು. ಇನ್ನೊಂದು ಸಲ ಲೇಹ್ಯ ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಉಬ್ಬಾಗಿ ಎದ್ದಿದ್ದ ಇಂಗ್ಲಿಷ್ ಅಂಕಿ, ಅಕ್ಷರಗಳ ಮೇಲೆ ಹಾಳೆ ಇಟ್ಟು ಇದ್ದಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡೆ. ಬೋಲ್ಟು ಕೂರುವ ತೂತುಗಳ ನಡುವಿನ ಅಂತರಕ್ಕೆ ದಾರ ಹಿಡಿದು, ರವಿಕೆಗೆ ಅಳತೆ ತೆಗೆದ ಹಾಗೆ ಗಂಟು ಹಾಕಿದೆ. ಯಜಮಾನರಿಗೆ ಉಪಾಯ ಹೇಳಿಕೊಟ್ಟೆ: ನಮ್ಮ ಮುರುಕನ್ನೂ ಮುಚ್ಚಳ ಹಾಕಿ ಹೊತ್ತುಕೊಂಡು ಹೋಗೋಣ. ಕರುವಿಗೆ ಗೇರು ಬೇಕಾಗಿಲ್ಲ, ಭಾರ ಬೇಕು. ಕಬ್ಬಿಣ ಕೊಟ್ಟು ಕಬ್ಬಿಣ ತರೋಣ.

ಶುಕ್ರವಾರ ಬಸ್ಸಿನ ತಲೆಯ ಮೇಲೆ ಗೇರ್‌ಬಾಕ್ಸ್ ಹೇರಿ ಹೊರಟೆವು. ಅಜ್ಜಿ ಅಂಗಳದಲ್ಲಿ ಸೆಗಣಿ ತಟ್ಟುತ್ತಿದ್ದರು.

"ಯಾರು, ನಾಕನೇ ಮನೆ ಮಗಳಲ್ವನೆ? ಗಂಡನ್ನೂ ಕರ್ಕಂಡ್ ಬಂದ್ಯ? ಕೂತ್ಕೊ, ಕೈ ತೊಳ್ಕಂಡ್ ಬರ್ತೀನಿ."

ಅವರು ಕೈ ತೊಳೆಯಲು ಹೋದದ್ದೇ ತಡ, ಕರುವನ್ನು ಸವರುವ ನೆಪದಲ್ಲಿ ನಾನು ಗೇರ್‌ಬಾಕ್ಸಿನ ಮೈ ಸವರಿದೆ. ಸೆಗಣಿಯ ಪದರ ಕೆರೆದರೆ ಅಂಕಿಗಳು ಕಂಡವು. ಹಾಳೆ ಹಿಡಿದೆ, ಒಂದು ಸುಳಿಯೂ ತಪ್ಪಿಲ್ಲದೆ ಕೂತಿತು. ದಾರ ಹಿಡಿದೆ, ಗಂಟಿಗೆ ಗಂಟು ಸರಿ. ಎಲೆಯಡಿಕೆಯ ಸುಣ್ಣದಿಂದ ದಂಡಕ್ಕೆ ಒಂದು ಬೊಟ್ಟಿಟ್ಟು ತಿರುಗಿಸಿ, ಈ ತುದಿ ಎಷ್ಟು ಸುತ್ತಿದರೆ ಆ ತುದಿ ಒಂದು ಸುತ್ತು ಬರುತ್ತದೆಂದು ಎಣಿಸಿದೆ, ಅದೂ ನಮ್ಮದರ ಹಾಗೆಯೇ. ದಂಡವನ್ನು ಮೇಲೆ ಕೆಳಗೆ ಅಲುಗಿಸಿದೆ, ಸಡಿಲವಿಲ್ಲ. ಕೊನೆಗೆ ತೂತಿನೊಳಗಿಂದ ಒಂದು ಬೆರಳು ಎಣ್ಣೆ ತೆಗೆದು ಬಿಸಿಲಿಗೆ ಹಿಡಿದೆ. ಹಲ್ಲು ಸವೆದಿದ್ದರೆ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಂಚುತ್ತದೆ. ಇಲ್ಲಿ ಏನೂ ಮಿಂಚಲಿಲ್ಲ. ಮೂಸಿಯೂ ನೋಡಿದೆ, ಬೆಲ್ಲವಿಲ್ಲ. ಶಿವಮೊಗ್ಗದ ಪೇಟೆಯಲ್ಲಿ ಇಂಥದ್ದಕ್ಕೆ ಕಣ್ಣು ಮುಚ್ಚಿ ಇನ್ನೂರು ಕೊಡುತ್ತಾರೆ. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮುಖವನ್ನು ಮಾಮೂಲಿ ಮಾಡಿಕೊಂಡೆ.

ಅಜ್ಜಿ ಬಂದ ಮೇಲೆ ಹೇಳಿದೆ: "ಅಜ್ಜಿ, ನಮ್ಮನೇಲೂ ಇಂಥದೇ ಒಂದು ಐತೆ, ಹೊತ್ಕಂಡ್ ಬಂದೀವಿ. ನಮ್ಮೋರು ಅದರ ತಿರುಪು ಮೊಳೆ ಸರಿಯಾಗಿ ಕೂರ್ತಿಲ್ಲ, ನಿಮ್ಮದಾದ್ರೆ ಕೂರ್ತದೆ ಅಂತಾರೆ. ಬದಲಾಯಿಸ್ಕಳ್ಳಾಣ. ಏನೈತೆ ಅದ್ರಲ್ಲಿ, ಅದೂ ಕಬ್ಬಿಣ, ಇದೂ ಕಬ್ಬಿಣ."

"ಎರಡೂ ಒಂದೇನಾ?"

"ಎರಡೂ ಒಂದೇ ಅಜ್ಜಿ."

ಊರ ಮಗಳ ಮಾತಿಗೆ ಅಜ್ಜಿ ಎದುರಾಡಲಿಲ್ಲ. ನನಗೆ ಒಳಗೊಳಗೇ ಎಂಥ ಹೆಮ್ಮೆ. ಶಿವಮೊಗ್ಗದ ದಲ್ಲಾಳಿಗೆ ಮೋಸ ಹೋದ ಗಂಡಸು ಇವರು, ಪುಗಸಟ್ಟೆ ವ್ಯಾಪಾರ ಮಾಡಿದವಳು ನಾನು. ಅಜ್ಜಿ ಒಳಗೆ ಬಡಿಸಿಟ್ಟಿದ್ದ ಅವಲಕ್ಕಿ ಮೊಸರನ್ನು ಗೆದ್ದವಳ ಠೀವಿಯಲ್ಲಿ ಕೂತು ತಿಂದೆ.

ಅಲ್ಲೇ ಕೆಟ್ಟದ್ದು. ನಮ್ಮ ಕಡೆ ಕೊಟ್ಟಿಗೆಯಿಂದ ಯಾವುದು ಹೊರಗೆ ಹೋದರೂ ಮೈ ತೊಳೆದು ಕುಂಕುಮ ಇಟ್ಟು ಕಳಿಸುತ್ತಾರೆ, ಹೊಸದಾಗಿ ಯಾವುದು ಒಳಗೆ ಬಂದರೂ ಹಾಗೆಯೇ ಮಾಡಿ ಕರೆದುಕೊಳ್ಳುತ್ತಾರೆ. ದನಕ್ಕೆ ಮಾಡುವುದನ್ನು ಅಜ್ಜಿ ಗೇರ್‌ಬಾಕ್ಸಿಗೂ ಮಾಡಿದರು. ಹೋಗುವುದನ್ನೂ ಬರುವುದನ್ನೂ ಅಕ್ಕಪಕ್ಕ ಇಟ್ಟು, ಸೀಗೆಪುಡಿ ಹಾಕಿ ಉಜ್ಜಿ, ಸೆಗಣಿ, ಸುಣ್ಣದ ಬೊಟ್ಟು, ತುಕ್ಕು ಎಲ್ಲ ತೊಳೆದು, ಎರಡಕ್ಕೂ ಒಂದೇ ಅಳತೆಯ ಕುಂಕುಮ ಇಟ್ಟಿದ್ದರು. ಅಷ್ಟರಲ್ಲಿ ಬಸ್ಸು ಬಂದು ಹಾರನ್ ಬಾರಿಸಿತು. ಯಜಮಾನರು ಕೈಗೆ ಹತ್ತಿರವಿದ್ದದ್ದನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿ ಓಡಿದರು. ನಾನು ಹಿಂದಿನಿಂದ ಮೊಸರಿನ ಕೈ ಒರೆಸಿಕೊಳ್ಳುತ್ತ ಓಡಿದೆ.

ಶನಿವಾರ ಬೆಳಗ್ಗೆ ಗೋಣಿ ಬಿಚ್ಚಿ ದಂಡ ತಿರುಗಿಸಿದರೆ, ಕಟಕಟ. ನಮ್ಮದೇ ಮುರುಕು, ಮುತ್ತೈದೆಯ ಹಾಗೆ ಕುಂಕುಮ ಇಟ್ಟುಕೊಂಡು ತವರಿಗೆ ಹೋಗಿ ಬಂದಿತ್ತು.

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. "ನೀನ್ಯಾಕ ನೋಡ್ಲಿಲ್ಲ?" ಎಂದರು. ಅವಲಕ್ಕಿ ತಿನ್ನುತ್ತಿದ್ದೆ ಎಂದು ಹೇಳಲಾಗದೆ, "ಹೊತ್ತುಕೊಂಡೋರು ನೀವಲ್ರೀ" ಎಂದು ರೇಗಿದೆ. ಜಗಳಕ್ಕೆ ವೇಳೆಯಿರಲಿಲ್ಲ. ಸೋಮವಾರಕ್ಕೆ ಎರಡೇ ದಿನ. ಮತ್ತೆ ಅದನ್ನೇ ಹೊತ್ತು ಮೊದಲ ಬಸ್ಸಿಗೆ ಹೊರಟೆವು.

ಅಜ್ಜಿ ಅಂಗಳದಲ್ಲೇ ಇದ್ದರು. ಕರು ಒಳ್ಳೆಯ ಗೇರ್‌ಬಾಕ್ಸಿಗೆ ಕಟ್ಟಿಸಿಕೊಂಡು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ಅಜ್ಜಿ, ಅದಲುಬದಲಾಗಿ ಹೋತು. ಇದು ನಿಮ್ಮದು, ಅದು ನಮ್ಮದು."

"ನಿನ್ನೆ ಎರಡೂ ಒಂದೇ ಅಂದ್ಯಲ್ಲ. ಒಂದೇ ಆದ್ಮೇಲೆ ಯಾವುದಿದ್ರೆ ಏನು?"

ನಾನು ನಾಲಿಗೆ ಕಚ್ಚಿಕೊಂಡೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ಮೋರು ಹೋಗೋಕ್ ಮುಂಚೆ ಹೇಳಿದ್ರು, ಇದು ತಾಮ್ರದ ತೂಕದ್ದು ಕಣೆ, ಯಾರಿಗೂ ಸುಮ್ನೆ ಕೊಡಬ್ಯಾಡ ಅಂತ. ಇಷ್ಟು ವರ್ಷ ಒಬ್ರೂ ಕೇಳ್ಕಂಡ್ ಬರ್ಲಿಲ್ಲ, ಮುದುಕರ ಮಾತು ಅಂತ ಕರು ಕಟ್ಟಿದ್ದೆ. ನಿನ್ನೆ ನೀನು ಬಂದಾಗ ಕಬ್ಬಿಣ ಅಂದ್ಕಂಡೆ. ಇವತ್ತು ಮತ್ತೆ ಬಂದೆ ಅಂದ್ರೆ ತಾಮ್ರನೇ. ಈಗ ನಿಜ ಹೇಳು, ಇದು ಏನು?"

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲ ಹೇಳಿದೆ. ಕಾರು, ಮಾವನವರ ಸೋಮವಾರ, ಬೆಲ್ಲದ ಪಾಕ, ನನ್ನ ಎರಡಂಕಣದ ಮನೆ. "ಇನ್ನೂರು ರೂಪಾಯಿ ಬಾಳ್ತದೆ ಅಜ್ಜಿ. ನಮ್ಮ ಹತ್ರ ಹದಿನಾಕು ಐತೆ" ಎಂದೆ. ಪಕ್ಕದಲ್ಲಿ ಯಜಮಾನರು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದರು.

ಅಜ್ಜಿ ಕರುಣೆ ತೋರಿಸುತ್ತಾರೆಂದು ನಾನು ಕಾದೆ. ತೋರಿಸಲಿಲ್ಲ.

"ಹಂಗಾರೆ ತೂಕಕ್ಕೆ ತೂಕ. ಕಬ್ಬಿಣಕ್ಕೆ ತಾಮ್ರ ಹಿತ್ತಾಳೆ ಹಾಕು. ಮದುವೇಲಿ ನಿಮ್ಮಪ್ಪ ಪಾತ್ರೆ ಕೊಟ್ಟಿದ್ದು ನಾನೇ ಕಣ್ಣಾರೆ ನೋಡೀನಿ. ನಡಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಅಜ್ಜಿ ಗೇರ್‌ಬಾಕ್ಸನ್ನು ತಲೆಯ ಮೇಲೆ ಹಾಕಲು ಬಿಡಲಿಲ್ಲ. ಕಾಲ ಬಳಿ ಇರಿಸಿಕೊಂಡು, ಶಿಕಾರಿಪುರದವರೆಗೂ ಅದರ ಮೇಲೆ ಒಂದು ಪಾದ ಇಟ್ಟೇ ಕೂತಿದ್ದರು. ನಮ್ಮ ಮುರುಕು ಹೇಗೂ ಅವರ ಅಂಗಳದಲ್ಲಿ ಕರುವಿಗೆ ಗೂಟವಾಗಿ ಉಳಿದಿತ್ತು. ನಮ್ಮ ಮನೆಗೆ ಬಂದವರು ನೇರವಾಗಿ ಅಡಿಗೆಮನೆಗೆ ನುಗ್ಗಿದರು. ನಾನು ಅವರ ಅಂಗಳದಲ್ಲಿ ಮಾಡಿದ್ದನ್ನೇ ಅವರು ಅಲ್ಲಿ ಮಾಡಿದರು. ಹಂಡೆಗೆ ಬೆರಳಿನಿಂದ ಬಡಿದು ಸದ್ದು ಕೇಳಿದರು, ಕೊಡದ ತಳ ತಿರುವಿ ಬೆಸುಗೆ ಹುಡುಕಿದರು, ಕಲಾಯಿ ಎಷ್ಟು ಉಳಿದಿದೆಯೆಂದು ಉಗುರಿನಲ್ಲಿ ಕೆರೆದರು.

ಯಜಮಾನರಿಗೆ ತಡೆಯಲಾಗಲಿಲ್ಲ. "ಬ್ಯಾಡ, ಊರಿಗೆ ಹೋಗಿಬಿಡಾಣ. ನಿನ್ನ ತವರಿನ ಪಾತ್ರಿ ಅವು" ಎಂದರು. ಅಷ್ಟರಲ್ಲಿ ನಾನು ಹಂಡೆಯನ್ನು ಎತ್ತಿ ಸೊಂಟಕ್ಕಿಟ್ಟಿದ್ದೆ.

ಪಕ್ಕದ ಭತ್ತದ ಮಂಡಿಯಲ್ಲಿ ದೊಡ್ಡ ತಕ್ಕಡಿ ಇತ್ತು. ಒಂದು ತಟ್ಟೆಗೆ ಗೇರ್‌ಬಾಕ್ಸ್ ಕೂತಿತು. ಇನ್ನೊಂದಕ್ಕೆ ತಾಮ್ರದ ಹಂಡೆ. ಗೇರ್‌ಬಾಕ್ಸ್ ಕದಲಲಿಲ್ಲ. ಕೊಡಗಳು ಎರಡು, ಕೊಳದಪ್ಪಲೆ, ಅನ್ನದ ತಪ್ಪಲೆ. ಊಹುಂ. ಸಾರಿನ ತಪ್ಪಲೆ, ಪರಾತ, ಗಂಗಾಳಗಳು. ಮಂಡಿಯ ಹಮಾಲರೆಲ್ಲ ಚೀಲ ಇಳಿಸಿ ನೋಡುತ್ತ ನಿಂತರು. ದೀಪದ ಕಂಬ ತಂದೆ. ಅಜ್ಜಿ ಕೈ ಅಡ್ಡ ಹಿಡಿದು, "ದೀಪ ಬ್ಯಾಡ, ಅದು ಮನೇಲೇ ಇರ್ಲಿ" ಎಂದರು. ಸೌಟು, ಜಾಲರಿ, ಲೋಟ. ತಟ್ಟೆ ಇನ್ನೂ ಒಂದು ಗೇಣು ಮೇಲೆಯೇ ತೂಗುತ್ತಿತ್ತು. ಉಳಿದದ್ದು ಒಂದು ಚೊಂಬು ಮಾತ್ರ. ಅದನ್ನು ಹಿಡಿದು ನಿಂತವಳಿಗೆ ಥಟ್ಟನೆ ಹೊಳೆಯಿತು.

"ಅಜ್ಜಿ, ನೀವು ಎಣ್ಣೇನೂ ಸೇರಿಸಿ ತೂಗ್ತಿದೀರಿ. ಎಣ್ಣೆ ತಾಮ್ರದ ತೂಕದ್ದು ಅಂತ ಅಜ್ಜಯ್ಯ ಹೇಳಿಲ್ಲ."

ಅಜ್ಜಿ ಆಗಲಿ ಎಂದು ಕೈ ಬೀಸಿದರು. ಹಮಾಲರು ಹೋ ಎಂದು ನಕ್ಕರು. ಯಜಮಾನರು ಕೆಳಗಿನ ತಿರುಪು ಬಿಚ್ಚಿದರು. ಕಪ್ಪು ಎಣ್ಣೆ ಡಬ್ಬಿಗೆ ಬಳಬಳ ಇಳಿಯಿತು, ಇಳಿಯುತ್ತಿದ್ದ ಹಾಗೆ ತಕ್ಕಡಿಯ ಮುಳ್ಳು ಮೆಲ್ಲಗೆ ನೆಟ್ಟಗಾಯಿತು. ಚೊಂಬು ಉಳಿಯಿತು.

"ನೀನು ನಮ್ಮೂರೋಳೇ ಕಣೆ" ಎಂದರು ಅಜ್ಜಿ. ಎಣ್ಣೆಯ ಡಬ್ಬಿಯನ್ನೂ ಬಿಡದೆ, ಗಾಡಿಯ ಅಚ್ಚಿಗೆ ಆಗುತ್ತದೆಂದು ಇಸಿದುಕೊಂಡು, ನನ್ನ ಪಾತ್ರೆಗಳನ್ನು ಮೂರು ಚೀಲಕ್ಕೆ ತುಂಬಿ ಮಧ್ಯಾಹ್ನದ ಬಸ್ಸಿಗೆ ಹೋದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಮೇಲಿನಿಂದ ನನ್ನ ಹಂಡೆಯ ಸದ್ದು ಕೇಳುತ್ತಿತ್ತು. ಆಗ ಮಾತ್ರ ಅತ್ತುಬಿಟ್ಟೆ.

ಭಾನುವಾರವೆಲ್ಲ ಯಜಮಾನರು ಕಾರಿನ ಕೆಳಗೇ ಮಲಗಿದ್ದರು. ಸೋಮವಾರ ಮಾವನವರು ಇಂಜಿನ್ ಹೊರಲು ಎತ್ತಿನ ಗಾಡಿ ಹೊಡಿಸಿಕೊಂಡೇ ಬಂದರು. ಯಜಮಾನರು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಂಜನಾಪುರದ ಏರು ಹತ್ತಿಸಿ ತಂದರು. ಮಾವನವರು ಅಭ್ಯಾಸಬಲದಿಂದ ಗೇರಿನ ಕೋಲು ಹಿಡಿಯಲು ಹೋದರಂತೆ. "ಹಿಡೀಬ್ಯಾಡ್ರಿ, ಅದೇ ನಿಂತೈತಿ" ಎಂದರಂತೆ ಇವರು.

ಕಾರಿನಿಂದಿಳಿದು ಕಾಲು ತೊಳೆದುಕೊಂಡು ಮಾವನವರು ಒಳಗೆ ಬಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಗೂಡುಗಳೆಲ್ಲ ಖಾಲಿ. ಸಂತೆಯಲ್ಲಿ ತಂದ ಎರಡು ಮಣ್ಣಿನ ಮಡಿಕೆ, ತೆಂಗಿನ ಚಿಪ್ಪಿನ ಸೌಟು, ಒಂದು ಚೊಂಬು. ಮಗನಿಂದ ಎಲ್ಲ ಕೇಳಿದ್ದರೆಂದು ಕಾಣುತ್ತದೆ.

"ಎಲ್ಲಾ ಕೊಟ್ಟ ಮ್ಯಾಲೆ ನಿಂಗ ಇಲ್ಲಿ ಇನ್ನೇನು ಉಳೀತವ್ವಾ?"

"ಒಲೆ ಉಳೀತು ಮಾವ" ಎಂದೆ. ಅವರೆದುರು ನಾನು ತಲೆಯೆತ್ತಿ ಆಡಿದ ಮೊದಲ ಮಾತು ಅದು.

ಮಾವನವರು ಪೇಟ ತೆಗೆದು ಮೊಳೆಗೆ ತೂಗುಹಾಕಿದರು. ಗೋಡೆಗೆ ಒರಗಿ, ನನ್ನ ಅಡಿಗೆಮನೆಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

"ಹಂಗಾದ್ರ ಎಲಿ ಹಾಕು" ಎಂದರು.